ಫ್ಯಾಕ್ಟರಿ ಗೋಡು

ಹಳದಿ ನೀರನ್ನು ಹಸಿರು ಮಾಡಿ, ಹಸಿರು ನೀರನ್ನು ತಿಳಿ ಮಾಡುವುದು ನನ್ನ ಕೆಲಸ. ತುಮಕೂರಿನ ಹೊರಗಿರುವ ಒಂದು ಕ್ರೋಮ್ ಪ್ಲೇಟಿಂಗ್ ಫ್ಯಾಕ್ಟರಿಯಲ್ಲಿದ್ದೇನೆ. ಬೈಕಿನ ಹ್ಯಾಂಡಲ್ಲು, ಬಚ್ಚಲ ನಲ್ಲಿ, ಸೋಫಾದ ಕಾಲು, ಹೀಗೆ ಹೊಳೆಯಬೇಕಾದ ಸಾಮಾನೆಲ್ಲ ಇಲ್ಲಿಗೆ ಮಂಕಾಗಿ ಬಂದು ಹೊಳೆಯುತ್ತ ಹೋಗುತ್ತದೆ. ಹೊಳೆಯುವುದು ಮುಂದಿನ ಗೇಟಿನಲ್ಲಿ ಹೊರಡುತ್ತದೆ, ಅದನ್ನು ತೊಳೆದ ನೀರು ಹಿಂದುಗಡೆ ನನ್ನ ತೊಟ್ಟಿಗೆ ಬರುತ್ತದೆ. ಮುಂದಿನವರಿಗೆ ಶಾಭಾಸ್, ನನಗೆ ಕೊಚ್ಚೆ.

ಸೋದರಮಾವ ನನಗೆ ಇಟ್ಟ ಹೆಸರು ಕೊಚ್ಚೆ ಡಾಕ್ಟ್ರು. ಹೆಬ್ಬೂರು ದಾಟಿ ಕುಣಿಗಲ್ ಕಡೆಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ ಅವನ ಊರು. ಬಸ್ಸಿನಲ್ಲಿ ಪಕ್ಕದಲ್ಲಿ ಯಾರೇ ಕೂತಿರಲಿ, “ನಮ್ಮಕ್ಕನ ಮಗಳು, ಬಿಎಸ್ಸಿ ಓದವ್ಳೆ. ತುಮಕೂರಾಗೆ ಕೊಚ್ಚೆಗೆ ಇಂಜೆಕ್ಷನ್ ಕೊಡ್ತಾಳೆ” ಎಂದು ಊರಿಗೆಲ್ಲ ಕೇಳುವ ಹಾಗೆ ಪರಿಚಯ ಮಾಡಿಕೊಡುತ್ತಿದ್ದ. ನನಗೋ ಮೂಗಿನ ತುದಿಯಲ್ಲೇ ಕೋಪ. ಮುಖ ಊದಿಸಿಕೊಂಡು ಕಿಟಕಿಯಾಚೆ ನೋಡುತ್ತಿದ್ದೆ. ಅವನಿಗೆ ಅದೇ ಬೇಕಾಗಿತ್ತು.

ಅಮ್ಮ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಳು. ಮಾವನ ಮನೆಯೇ ನನಗೆ ತವರು. ಮದುವೆಯಾದ ಮೇಲೆ ಯಾವಾಗ ಹೋಗಿ ಬಂದರೂ ಅತ್ತೆ, ಅಂದರೆ ಮಾವನ ಹೆಂಡತಿ, ನನ್ನನ್ನು ಮಣೆಯ ಮೇಲೆ ಕೂರಿಸಿ ಮಡಿಲು ತುಂಬುತ್ತಿದ್ದಳು. ಅಕ್ಕಿ, ಬೆಲ್ಲ, ಎಲೆ ಅಡಿಕೆ, ಅರಿಶಿನದ ಕೊಂಬು, ಮೇಲೊಂದು ತೆಂಗಿನಕಾಯಿ. ಅಕ್ಕಿ ಬೆಲ್ಲ ಅತ್ತೆಯ ಪಾಲಿನ ಕೆಲಸ. ಕಾಯಿ ಮಾತ್ರ ಮಾವನದು. ತೋಟದ ಬಾವಿಯ ಪಕ್ಕ ಒಂದು ಮರವಿದೆ, ಅಮ್ಮ ಲಂಗ ಉಡುವ ವಯಸ್ಸಿನಲ್ಲಿ ನೆಟ್ಟದ್ದಂತೆ. ಆ ಮರದ ಕಾಯಿಯೇ ಆಗಬೇಕು. ಸುಲಿದು, ಜುಟ್ಟು ದಪ್ಪಗೆ ಬಿಟ್ಟು, ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ, ಒರೆಸಿ ಕೊಡುತ್ತಿದ್ದ. ಗುಬ್ಬಿ ಹತ್ತಿರದ ನನ್ನ ಗಂಡನ ಮನೆಯಲ್ಲೂ ತೆಂಗಿನ ತೋಟವಿದೆ, ಕಾಯಿಗೇನೂ ಬರವಿಲ್ಲ. ಆದರೂ ಅವನ ಒಂದು ಕಾಯಿ ಇಲ್ಲದೆ ನಾನು ಬಸ್ಸು ಹತ್ತುವಂತಿರಲಿಲ್ಲ. ಪೇಟೆಯವರು ಅಂಗಡಿಯಲ್ಲಿ ಕಾಯಿ ಕೊಳ್ಳುವುದು ಅವನಿಗೆ ದೊಡ್ಡ ತಮಾಷೆ. “ತೆಂಗಿನಕಾಯಿ ಕೊಂಡ್ಕೊಂಡು ತಿನ್ನೋ ಬಾಳು ನಮ್ಮ ಶತ್ರೂಗೂ ಬ್ಯಾಡ ಬುಡು” ಎನ್ನುತ್ತಿದ್ದ.

ಒಂದು ಸಲ ಅವನೂ ಅತ್ತೆಯೂ ತುಮಕೂರಿನ ನಮ್ಮ ಬಾಡಿಗೆ ಮನೆಗೆ ಬಂದಿದ್ದರು. ಅಂದು ಬೆಳಗ್ಗೆ ಕಾಯಿಸಿದ ಹಾಲು ಒಡೆಯಿತು. ಅಡುಗೆಮನೆ ಬಾಗಿಲಿಗೆ ಒರಗಿ ನಿಂತಿದ್ದ ಮಾವ, “ನೀನು ಮಾಡೋ ಕೆಲ್ಸ ಏನು ಅಂತ ಸರಿಯಾಗೊಂದ್ಸಲ ಹೇಳು ನೋಡಾನ” ಎಂದ. ಒಡೆದ ಹಾಲನ್ನೇ ತೋರಿಸಿ ಹೇಳಿದೆ. ಸಾಮಾನು ತೊಳೆದ ನೀರಿನಲ್ಲಿ ಕ್ರೋಮಿಯಂ ಎಂಬ ಲೋಹ ಕರಗಿರುತ್ತದೆ, ಅದಕ್ಕೇ ನೀರು ಹಳದಿ. ಆ ಹಳದಿ ಬಲು ಕೆಟ್ಟದ್ದು, ಹೊಟ್ಟೆಗೂ ಕೆಟ್ಟದ್ದು, ಚರ್ಮಕ್ಕೂ ಕೆಟ್ಟದ್ದು. ಮೊದಲು ಆಸಿಡ್ ಹಾಕಿ, ಆಮೇಲೆ ಮೆಟಾ ಎಂದು ನಾವು ಕರೆಯುವ ಬಿಳಿ ಪುಡಿ ಹಾಕುತ್ತೇವೆ. ಮೂಗು ಸುಡುವ ವಾಸನೆ ಬರುತ್ತದೆ. ಹಳದಿ ಹೋಗಿ ಹಸಿರಾಗುತ್ತದೆ. ಹಸಿರಾದರೆ ಅದರ ವಿಷದ ಹಲ್ಲು ಕಿತ್ತ ಹಾಗೆ. ಆಗ ಸುಣ್ಣದ ಹಾಲು ಬಿಟ್ಟರೆ ನೀರು ಹೀಗೆಯೇ ಒಡೆಯುತ್ತದೆ. ಲೋಹವೆಲ್ಲ ಮುದ್ದೆಯಾಗಿ ತಳಕ್ಕೆ ಕೂರುತ್ತದೆ, ಮೇಲೆ ತಿಳಿ ನೀರು ನಿಲ್ಲುತ್ತದೆ.

“ಹಾಲು ಒಡೆದ್ರೆ ನೀರು ಚೆಲ್ಲಿ ಗಟ್ಟಿ ಇಟ್ಕತೀವಿ” ಎಂದಳು ಅತ್ತೆ. “ನಿಮ್ಮಲ್ಲಿ ಆ ಗಟ್ಟೀನ ಏನ್ಮಾಡ್ತೀರವ್ವ?”

“ಹಿಂಡಿ, ಒಣಗಿಸಿ, ಚೀಲಕ್ಕೆ ತುಂಬ್ತೀವಿ ಅತ್ತೆ. ಲಾರಿ ಬಂದು ತಗೊಂಡು ಹೋಗುತ್ತೆ. ಅದನ್ನ ಹೂಳೋಕೇ ಒಂದು ಜಾಗ ಮಾಡಿದಾರೆ, ತಳಕ್ಕೆ ಪ್ಲಾಸ್ಟಿಕ್ ಹಾಸಿರ್ತಾರೆ. ದೂರ ಇದೆ.”

“ಹಂಗಾದ್ರೆ ವಿಷ ತೆಗ್ದಾಕ್ತೀಯ ಅನ್ನು” ಎಂದ ಮಾವ. ಹೆಮ್ಮೆಯಿಂದಲೇ ಅಂದ. ನಾನೂ ಹೆಮ್ಮೆಯಿಂದಲೇ ಹೂಂ ಅಂದೆ.

ನಮ್ಮ ಕಡೆ ತೆಂಗಿಗೆ ಗೊಬ್ಬರ ಹಾಕಿದರೂ ಹಾಕದಿದ್ದರೂ ಗೋಡು ಹೊಡೆಸುವುದು ಬಿಡುವುದಿಲ್ಲ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ತಳದ ಹೂಳು ಅಗೆದು, ಟ್ರಾಕ್ಟರಿನಲ್ಲಿ ತೋಟಕ್ಕೆ ಸಾಗಿಸಿ, ಮರಗಳ ಬುಡಕ್ಕೆ ಹರಡುವುದೇ ಗೋಡು ಹೊಡೆಸುವುದು. ಊರೆಲ್ಲ ಕೆರೆಯಂಗಳದಲ್ಲೇ ಇರುತ್ತದೆ, ಯಾರ ಟ್ರಾಕ್ಟರು ಮೊದಲು ಎಂದು ಜಗಳವೂ ಆಗುತ್ತದೆ. ಕಾಲುವೆಯಲ್ಲಿ ಹೇಮಾವತಿ ನೀರು ಹರಿದು ಕೆರೆ ತುಂಬತೊಡಗಿದ ಮೇಲೆ ಈ ಸಂಭ್ರಮಕ್ಕೆ ಕಲ್ಲು ಬಿತ್ತು. ಕೆರೆ ಬತ್ತಲೊಲ್ಲದು. ನೀರು ಬಂತೆಂದು ಪೂಜೆ ಮಾಡಿದವರೇ ಗೋಡು ಇಲ್ಲವೆಂದು ಗೊಣಗತೊಡಗಿದರು. ಮಾವ ಒಣಗಿದ ಕೆರೆ ಹುಡುಕಿಕೊಂಡು ಬೈಕಿನಲ್ಲಿ ಕುಣಿಗಲ್ ತನಕ ಸುತ್ತಿ ಬಂದ. ಎಲ್ಲಿ ನೋಡಿದರೂ ನೀರು. “ಕೊಟ್ರೆ ಕೆರೆ ತುಂಬ ಕೊಡ್ತಾನೆ ಬಡ್ಡೀಮಗ” ಎಂದು ದೇವರಿಗೇ ಬೈದ. ಗೋಡು ಕಾಣದ ಮರಗಳ ಗರಿ ತೆಳುವಾಗುತ್ತಿದೆ, ಹೊಂಬಾಳೆ ಸಣ್ಣಗಾಗುತ್ತಿದೆ ಎಂಬುದು ಅವನ ಕೊರಗು. ನನ್ನ ಕಣ್ಣಿಗೆ ಮರಗಳು ಚೆನ್ನಾಗಿಯೇ ಇದ್ದವು. ಆದರೆ ತೋಟದವನ ಕಣ್ಣು ಬೇರೆ.

ಆ ವರ್ಷ ಮುಂಗಾರಿಗೆ ಮುಂಚೆ, ಒಂದು ಭಾನುವಾರ, ನಾನು ಹೋದಾಗ ಮಾವ ಬಾಗಿಲಲ್ಲೇ ಕಾಯುತ್ತಿದ್ದ. ಕೈಕಾಲು ತೊಳೆಯಲೂ ಬಿಡದೆ ತೋಟಕ್ಕೆ ಕರೆದುಕೊಂಡು ಹೋದ. ಮುಖದಲ್ಲಿ ಮಗು ಹುಟ್ಟಿದ ಮನೆಯ ಕಳೆ.

“ನೋಡು ಹೆಂಗೈತೆ ಗೋಡು! ಕೆರೆ ಕೊಡ್ದಿದ್ರೆ ಕತ್ತೆ ಬಾಲ. ಬೆಣ್ಣೆ ಕಣವ್ವ ಬೆಣ್ಣೆ!”

ಮರಗಳ ಬುಡದ ಪಾತಿಗಳಲ್ಲೆಲ್ಲ ಬೂದಿ ಮಿಶ್ರಿತ ಹಸಿರು ಮಣ್ಣು ಹರಡಿತ್ತು. ಒಳ್ಳೆಯ ಗೋಡು ಎಂದರೆ ಹರಳಿಲ್ಲದೆ ನುಣ್ಣಗಿರಬೇಕು, ಬೆರಳಲ್ಲಿ ಉಜ್ಜಿದರೆ ಜಾರಬೇಕು, ಒಣಗಿದರೆ ಹೆಂಟೆಯಾಗಿ ಒಡೆಯಬೇಕು. ತಾತನ ಕಾಲದಿಂದ ಬಂದ ಪರೀಕ್ಷೆ ಅದು. ಈ ಮಣ್ಣು ಮೂರರಲ್ಲೂ ಪಾಸಾಗಿತ್ತು. ಮೇಲಾಗಿ ಸುಣ್ಣದ ಅಂಶವೂ ಇದೆಯಂತೆ, ತೆಂಗಿಗೆ ಸುಣ್ಣ ಒಳ್ಳೆಯದು. ಮಾವ ಒಂದು ಹೆಂಟೆ ಎತ್ತಿ ನನ್ನ ಕೈಗೆ ಕೊಟ್ಟ.

ತಿರುಗಿಸಿ ನೋಡಿದೆ. ಒಂದು ಮೈ ಚಪ್ಪಟೆಯಾಗಿತ್ತು. ಅದರ ಮೇಲೆ ಬಟ್ಟೆಯ ನೇಯ್ಗೆಯ ಗುರುತು, ಗೀರು ಗೀರಾಗಿ, ಅಚ್ಚೊತ್ತಿದ ಹಾಗೆ. ನಮ್ಮಲ್ಲಿ ತಳದ ಕೆಸರನ್ನು ದಪ್ಪ ಬಟ್ಟೆಗಳ ನಡುವೆ ಇಟ್ಟು ಮಿಷನ್ನಿನಲ್ಲಿ ಒತ್ತುತ್ತಾರೆ. ನೀರು ಸೋರಿ ಹೋಗಿ ಕೆಸರು ಹೆಂಚಿನಂತೆ ಗಟ್ಟಿಯಾಗಿ ಬೀಳುತ್ತದೆ, ಮೈಮೇಲೆ ಬಟ್ಟೆಯ ಗುರುತು ಹೊತ್ತು. ತಾನು ತಟ್ಟಿದ ರೊಟ್ಟಿ ಹೆಂಗಸಿಗೆ ಗೊತ್ತಾಗುವುದಿಲ್ಲವೇ? ಹೆಂಟೆ ಕೆಳಗೆ ಹಾಕಿ ಸೀರೆಗೆ ಕೈ ಒರೆಸಿಕೊಂಡೆ.

“ಎಲ್ಲಿಂದ ತರಿಸಿದೆ ಮಾವ ಇದನ್ನ?”

“ಪಕ್ಕದ ಊರಿನ ಟ್ರಾಕ್ಟರ್‌ನೋನು. ಯಾವ್ದೋ ಲಾರಿಯೋನು ರೋಡ್ ಪಕ್ಕ ಸುರೀತಾನಂತೆ, ಬೇಕಾದೋರು ತುಂಬ್ಕೊಳ್ಳಿ ಅಂತಾನಂತೆ. ಫ್ಯಾಕ್ಟ್ರಿ ಗೋಡು ಅಂತಾರೆ. ಎಲ್ಲಾರೂ ಕಿತ್ತಾಡ್ತಿದ್ರು, ನಾನು ಜೋರು ಮಾಡಿ ತರಿಸ್ದೆ.”

ಬಿಟ್ಟಿ ಸಿಕ್ಕರೆ ನನಗೊಂದಿರಲಿ ನಮ್ಮಪ್ಪನಿಗೊಂದಿರಲಿ ಎನ್ನುವ ಜಾತಿಯವನಲ್ಲ ಮಾವ. ಗೋಡಿನ ಆಸೆ ಅವನನ್ನು ಹಾಗೆ ಮಾಡಿತ್ತು. ಅದು ವಿಷ, ನಮ್ಮ ಫ್ಯಾಕ್ಟರಿಯದೇ, ಈಗಲೇ ತೆಗೆಸಬೇಕು ಎಂದೆ. ಅವನು ನಕ್ಕ.

“ವಿಷ ನೀನೇ ತೆಗ್ದಾಕಿರ್ತೀಯಲ್ಲವ್ವ. ಔಷ್ದಿ ಹಾಕಿ ಸಾಯ್ಸಿರ್ತೀಯ. ಇನ್ನೇನೈತೆ ಇದ್ರಾಗೆ? ಫ್ಯಾಕ್ಟ್ರಿ ಗೋಡು ಅಂದಾಗ ನಾನೂ ಯೋಚ್ನೆ ಮಾಡ್ದೆ. ನಮ್ಮುಡ್ಗಿ ಕೈಯಾಗೆ ದಾಟಿ ಬಂದಿದ್ರೆ ಭಯ ಇಲ್ಲ ಅಂದ್ಕೊಂಡೆ.”

ನನಗೆ ಅಳು ಬರಬೇಕಾಗಿತ್ತು, ಬಂದದ್ದು ಕೋಪ. “ಕಬ್ಬಿಣ ಸಾಯುತ್ತಾ ಮಾವ?” ಎಂದು ಕೂಗಿದೆ. “ಲೋಹ ಹುಳ ಅಲ್ಲ, ಔಷಧಿ ಹೊಡೆದರೆ ಸಾಯೋಕೆ. ನೀರಿಂದ ತೆಗೆದೆ ಅಂದ್ರೆ ಎಲ್ಲೋ ಇಟ್ಟೆ ಅಂತ ಅರ್ಥ. ನೀರಲ್ಲಿದ್ದದ್ದೆಲ್ಲ ಇದರಲ್ಲಿದೆ!”

ಮಾವನ ಮುಂದೆ ನಾನು ಎಂದೂ ಅಷ್ಟು ಜೋರಾಗಿ ಮಾತಾಡಿರಲಿಲ್ಲ. ಆಚೆ ಕಳೆ ಕೀಳುತ್ತಿದ್ದ ಹೆಂಗಸರು ತಲೆಯೆತ್ತಿ ನೋಡಿದರು. ಅವರ ಎದುರಿಗೆ ಅವಮಾನವಾಯಿತೆಂದು ಅವನಿಗೆ ಸಿಟ್ಟು. “ಓದ್ದೋರು ಎಲ್ಲಾದ್ರಾಗೂ ಹುಳುಕು ಹುಡುಕ್ತೀರ” ಎಂದು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟುಹೋದ.

ನನಗೆ ಅಷ್ಟು ಭಯವಾಗಲು ಇನ್ನೊಂದು ಕಾರಣವಿತ್ತು. ಹಳದಿಯನ್ನು ಪೂರ್ತಿ ಹಸಿರು ಮಾಡಿ ಒತ್ತಿದ ಕೆಸರಾದರೆ ಅಷ್ಟು ಸುಲಭಕ್ಕೆ ಕರಗುವುದಿಲ್ಲ, ಮಣ್ಣಿನಲ್ಲಿ ಸ್ವಲ್ಪ ಕಾಲ ಸುಮ್ಮನಿರುತ್ತದೆ. ಆದರೆ ನಾನಿಲ್ಲದ ಪಾಳಿಯಲ್ಲಿ ಮೆಟಾ ಉಳಿಸುತ್ತಾರೆ. ಮಾಲು ಅರ್ಜೆಂಟಾಗಿ ಹೋಗಬೇಕು, ತೊಟ್ಟಿ ಖಾಲಿಯಾಗಬೇಕು, ಅರ್ಧ ಹಸಿರಾಗುವ ಮುಂಚೆಯೇ ಸುಣ್ಣ ಸುರಿದುಬಿಡುತ್ತಾರೆ. ಬೇಡವೆಂದು ಎಷ್ಟೋ ಸಲ ಜಗಳವಾಡಿದ್ದೇನೆ. ಹಾಗೆ ಮಾಡಿದ ಕೆಸರು ನೋಡಲು ಹಸಿರೇ, ಒಳಗೆ ಹಳದಿ ಹಾಗೇ ಉಳಿದಿರುತ್ತದೆ. ನೀರು ಬಿದ್ದರೆ ಸಾಕು, ಎದ್ದು ಬರುತ್ತದೆ. ಮಾವನ ತೋಟ ಇಳಿಜಾರು. ಇಳಿಜಾರಿನ ಕೊನೆಯಲ್ಲಿ ಬಾವಿ. ಆ ಬಾವಿಯದು ಸಿಹಿ ನೀರು, ಬೇಳೆ ಬೇಗ ಬೇಯುತ್ತದೆಂದು ಕೇರಿಯ ಹೆಂಗಸರೆಲ್ಲ ಬಿಂದಿಗೆ ಹಿಡಿದು ಅಲ್ಲಿಗೇ ಬರುವುದು.

ಅತ್ತೆಗೆ ಇದನ್ನೆಲ್ಲ ಹೇಳಿದೆ. ಬಾವಿಯ ಮಾತು ಬಂದದ್ದೇ ಅವಳು ಒಲೆಯ ಮುಂದಿನಿಂದ ಎದ್ದಳು. ರಾತ್ರಿ ಗಂಡನಿಗೆ ಏನು ಹೇಳಿದಳೋ ಗೊತ್ತಿಲ್ಲ, ಬೆಳಗ್ಗೆ ಮಾವ ಗುದ್ದಲಿ ಮಂಕರಿ ಹಿಡಿದು ತೋಟಕ್ಕೆ ಹೊರಟಿದ್ದ. ನನ್ನ ಜೊತೆ ಮಾತಿಲ್ಲ. ನಾನು ರಜೆ ಹಾಕಿದೆ. ಗುಬ್ಬಿ ಹತ್ತಿರ ಬಿದರೆಹಳ್ಳಿ ಕಾವಲ್‌ನ ಹೆಲಿಕಾಪ್ಟರ್ ಫ್ಯಾಕ್ಟರಿಯಲ್ಲಿ ಕೆಲಸಕ್ಕಿರುವ ನನ್ನ ಗಂಡನೂ ಕೈಗವಸು, ಖಾಲಿ ಚೀಲಗಳನ್ನು ಹೊತ್ತುಕೊಂಡು ಬಂದ. ಪಾತಿ ಪಾತಿಯಿಂದ ಕೆರೆದು ಚೀಲಕ್ಕೆ ತುಂಬತೊಡಗಿದೆವು. ಹಾಕಿದ ಗೋಡನ್ನು ವಾಪಸ್ ತೆಗೆಯುವುದನ್ನು ಊರು ಎಂದೂ ಕಂಡಿರಲಿಲ್ಲ. ನೋಡಲು ಬಂದವರು, “ಏನ್ಲಾ, ಗೋಡು ಬಡ್ಡಿಗೆ ತಂದಿದ್ದೇನ್ಲಾ?” ಎಂದು ಮಾವನನ್ನು ರೇಗಿಸಿದರು. ಅವನು ತಲೆ ಎತ್ತಲಿಲ್ಲ.

ಕೆರೆದಷ್ಟೂ ಮುಗಿಯದು. ಹೊಸ ಹೆಂಟೆಗಳು ಹಳೆಯ ಮಣ್ಣಿನಲ್ಲಿ ಬೆರೆತಿದ್ದವು, ಬೇರುಗಳ ಸಂದಿಗೆ ಇಳಿದಿದ್ದವು. ಮೇಲಿನ ಸಾಲುಗಳು ಮುಗಿದು ಬಾವಿಯ ಕಡೆಯ ಸಾಲುಗಳಿಗೆ ಬರುವಷ್ಟರಲ್ಲಿ ಕುಣಿಗಲ್ ಕಡೆಯಿಂದ ಮೋಡ ಎದ್ದಿತು. ರೈತನ ಮನೆಯಲ್ಲಿ ಬೆಳೆದು ಮಳೆ ಬೇಡ ಎಂದು ನಾನು ಬೇಡಿಕೊಂಡದ್ದು ಅದೇ ಮೊದಲು. ಯಡಿಯೂರು ಸಿದ್ಧಲಿಂಗೇಶ್ವರನಿಗೆ ಅತ್ತೆ ಹರಕೆ ಹೊತ್ತಳು. ಗಾಳಿ ಬೀಸಿತು, ಗರಿಗಳು ಮೈಗೆ ಮೈ ಬಡಿದುಕೊಂಡವು, ಆಮೇಲೆ ಸುರಿಯಿತು. ಆ ವರ್ಷದ ಮೊದಲ ಮಳೆ, ಎಲ್ಲರೂ ಕಾದಿದ್ದ ಮಳೆ. ಹಟ್ಟಿಯಲ್ಲಿ ಯಾರೋ ಖುಷಿಯಿಂದ ಕೇಕೆ ಹಾಕಿದ್ದು ಕೇಳಿಸಿತು.

ಮಳೆ ನಿಂತ ಮೇಲೆ ತೋಟಕ್ಕೆ ಹೋದೆವು. ಕೆರೆದು ತೆಗೆಯದೆ ಉಳಿದ ಪಾತಿಗಳಲ್ಲಿ ನೀರು ನಿಂತಿತ್ತು. ಹಳದಿ ನೀರು. ಅರಿಶಿನ ಕದಡಿದಷ್ಟು ಹಳದಿ. ಅಮ್ಮನ ಮರದ ಬುಡದಲ್ಲೂ ಅದೇ. ಪಾತಿ ತುಂಬಿ ಉಕ್ಕಿದ್ದು ಸಣ್ಣ ಕಾಲುವೆಯಾಗಿ ಬಾವಿಯ ಕಡೆಗೆ ಹರಿದು ದಡದ ಮಣ್ಣಿನಲ್ಲಿ ಇಂಗಿತ್ತು.

ಮಾವ ಎಷ್ಟೋ ಹೊತ್ತು ಅದನ್ನೇ ನೋಡಿದ. ಆಮೇಲೆ ಮೊದಲ ಸಲ ನನ್ನ ಕಡೆ ತಿರುಗಿ, “ಇದೇನವ್ವ ನೀನೇಳಿದ್ದು?” ಎಂದ.

“ಹೂಂ ಮಾವ. ಇದೇ.”

ಕೆಟ್ಟ ಮೇಲೆ ಬುದ್ಧಿ ಬಂತು ಎಂದು ಅವನಿಗೆ ಹೇಳಿ ತೋರಿಸಬಹುದಿತ್ತು. ಮಳೆಯಲ್ಲಿ ನೆಂದು ಬನಿಯನ್ನು ಮೈಗಂಟಿಕೊಂಡು ನಿಂತಿದ್ದ ಅವನು ಇದ್ದಕ್ಕಿದ್ದಂತೆ ಮುದುಕನಾಗಿ ಕಂಡ.

ಅಲ್ಲಿಂದ ಮುಂದೆ ಪ್ರತಿ ಭಾನುವಾರ ಪುಟ್ಟ ಬಾಟಲಿಯಲ್ಲಿ ಪರೀಕ್ಷೆಯ ಔಷಧಿ ತಂದು ಬಾವಿ ನೀರು ನೋಡುತ್ತಿದ್ದೆ. ಗಾಜಿನ ಕೊಳವೆಗೆ ನೀರು, ಎರಡು ಹನಿ ಆಸಿಡ್, ಮೇಲೆ ಈ ಔಷಧಿ. ಹಳದಿ ಕ್ರೋಮಿಯಂ ಇದ್ದರೆ ನೇರಳೆ ಬಣ್ಣ ಬರುತ್ತದೆ, ಇಲ್ಲದಿದ್ದರೆ ನೀರು ಹಾಗೇ ಇರುತ್ತದೆ. ಮೊದಲು ಕೆಲವು ಭಾನುವಾರ ಏನೂ ಬರಲಿಲ್ಲ. ಮಾವ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ನೋಡುತ್ತಿದ್ದ. ಬಣ್ಣ ಬರದ ದಿನ ಹಳೆಯ ಹಾಗೆ “ಏನಂತೈತೆ ಡಾಕ್ಟ್ರೇ ರಿಪೋರ್ಟು?” ಎಂದು ತಮಾಷೆ ಮಾಡುತ್ತಿದ್ದ. ನನಗೂ ಆಸೆ ಹುಟ್ಟಿತು. ಮಣ್ಣು ಹಿಡಿದಿಟ್ಟುಕೊಂಡಿತೇನೋ, ಮಳೆ ತೊಳೆದುಕೊಂಡು ಹೋಯಿತೇನೋ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಆಷಾಢದ ಒಂದು ಭಾನುವಾರ ಕೊಳವೆಯಲ್ಲಿ ಬಣ್ಣ ಬಂತು. ಮೊದಲು ತೆಳು ಗುಲಾಬಿ, ನೋಡ ನೋಡುತ್ತ ನೇರಳೆ ಹಣ್ಣಿನ ರಸ. ಬಿಂದಿಗೆಯಲ್ಲಿದ್ದ ನೀರು ಮಾತ್ರ ಎಂದಿನ ತಿಳಿ ನೀರೇ. ರುಚಿಯೂ ಬದಲಾಗಿರಲಿಲ್ಲವಂತೆ, ಅತ್ತೆ ಅಂದು ಬೆಳಗ್ಗೆಯೂ ಕುಡಿದಿದ್ದಳು.

ಮಾವ ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿದ. “ಬಣ್ಣ ಏನೋ ಚೆನ್ನಾಗೈತೆ” ಎಂದ. ಕೊಳವೆ ನನ್ನ ಕೈಗಿಟ್ಟು, “ನಿನ್ನ ಔಷ್ದಿ ತಂದು ಬಾವಿಗೆ ಹಾಕವ್ವ. ಫ್ಯಾಕ್ಟ್ರಿ ನೀರು ಸರಿ ಮಾಡ್ತೀಯಂತೆ, ಮನೆ ಬಾವಿ ಸರಿ ಮಾಡಕ್ಕಾಗಲ್ವಾ?” ಎಂದ. ಅದು ಅಣಕವಾಗಿರಲಿಲ್ಲ. ನಿಜವಾಗಿ ಕೇಳಿದ.

ಆಗುವುದಿಲ್ಲ ಮಾವ ಎಂದೆ. ತೊಟ್ಟಿಗೆ ತಳ ಇದೆ, ಗೋಡೆ ಇದೆ, ಇಷ್ಟು ನೀರಿಗೆ ಇಷ್ಟು ಮೆಟಾ ಎಂದು ಅಳತೆ ಇದೆ. ಬಾವಿಗೆ ಅದ್ಯಾವುದೂ ಇಲ್ಲ. ಇವತ್ತು ಇದ್ದ ನೀರು ನಾಳೆ ಇರುವುದಿಲ್ಲ, ಸೆಲೆಯಲ್ಲಿ ಹೊಸ ನೀರು ಬರುತ್ತದೆ, ಅದು ಇನ್ನೆಷ್ಟು ವಿಷ ಹೊತ್ತು ತರುತ್ತದೋ ಯಾರಿಗೆ ಗೊತ್ತು. ಹಾಕಿದ ಔಷಧಿಯನ್ನೂ ಜನವೇ ಕುಡಿಯಬೇಕು. ಓದಿದ್ದಕ್ಕೆ, ದಿನಾ ಮಾಡುವ ಕೆಲಸಕ್ಕೆ, ಬಾವಿಯ ಕಟ್ಟೆಯ ಮೇಲೆ ಕೂತಿದ್ದಾಗ ಕಾಸಿನ ಬೆಲೆ ಇರಲಿಲ್ಲ.

ಅಂದು ಸಂಜೆಯೇ ಮಾವ ಕೇರಿಯ ಮನೆ ಮನೆಗೂ ಹೋಗಿ ನೀರು ಕುಡಿಯಬೇಡಿ ಎಂದು ಹೇಳಿ ಬಂದ. “ನಾನೇ ತಂದು ಹಾಕಿದ ಗೋಡಿನಿಂದ ಹಿಂಗಾಯ್ತು” ಎಂದೂ ಹೇಳಿದನಂತೆ. ಮುಚ್ಚಿಡಬಹುದಿತ್ತು, ಮುಚ್ಚಿಡಲಿಲ್ಲ. ಕೆಲವರು ಬೈದರು. ಒಬ್ಬ ಅಜ್ಜಿ ನನ್ನ ಎದುರಿಗೇ, “ಮನೆಗೆ ಮಾರಿ ಊರಿಗೆ ಉಪಕಾರಿ ಅಂತಾರಲ್ಲ, ನೀನು ಎಲ್ಡಕ್ಕೂ ಮಾರಿ ಆದ್ಯಲ್ಲವ್ವ” ಎಂದಳು. ಮರುದಿನ ಮಾವ ಬಾವಿಯ ಹಗ್ಗ, ರಾಟೆ ಬಿಚ್ಚಿದ. ಬಾಯಿಗೆ ಅಡ್ಡಲಾಗಿ ತೆಂಗಿನ ಗರಿ ಹಾಸಿ, ಅದರ ಮೇಲೆ ಜಾಲಿ ಮುಳ್ಳು ಎಳೆದ. ಅವರಪ್ಪ ತೋಡಿಸಿದ ಬಾವಿ ಅದು. ಮುಳ್ಳು ಎಳೆಯಲು ಯಾರನ್ನೂ ಸೇರಿಸಲಿಲ್ಲ.

ಫ್ಯಾಕ್ಟರಿಯಲ್ಲಿ ಮ್ಯಾನೇಜರಿನ ಮುಂದೆ ನಿಂತು ಎಲ್ಲ ಹೇಳಿದೆ. ಅವರು ತಾಳ್ಮೆಯಿಂದ ಕೇಳಿದರು, ಟೀ ತರಿಸಿದರು. “ನಮ್ಮ ಗೇಟ್ ದಾಟಿದ ಮೇಲೆ ಅದು ಟ್ರಾನ್ಸ್‌ಪೋರ್ಟಿನವರ ಜವಾಬ್ದಾರಿ ಕಣಮ್ಮ. ಅದು ನಮ್ಮದೇ ಅನ್ನೋಕೆ ಏನು ಗ್ಯಾರಂಟಿ? ಬಟ್ಟೆ ಗುರುತು ಎಲ್ಲಾ ಕಡೆ ಒಂದೇ” ಎಂದರು. ಟ್ರಾನ್ಸ್‌ಪೋರ್ಟಿನವನ ಫೋನು ಸ್ವಿಚ್ ಆಫ್. ಮಾಲಿನ್ಯದ ಆಫೀಸಿಗೆ ಅರ್ಜಿ ಕೊಟ್ಟೆವು, ಅಲ್ಲಿಂದ ಬಂದವರು ಬಾಟಲಿಯಲ್ಲಿ ನೀರು ತುಂಬಿಕೊಂಡು ಹೋಗಿದ್ದಾರೆ, ಕಾಯುತ್ತಿದ್ದೇವೆ. ಕೆರೆದು ತುಂಬಿದ ಚೀಲಗಳನ್ನು ವಾಪಸ್ ತೆಗೆದುಕೊಳ್ಳುವವರಿಲ್ಲ. ಮಾವನ ದನದ ಕೊಟ್ಟಿಗೆಯಲ್ಲಿ ಟಾರ್ಪಾಲಿನ ಕೆಳಗೆ ಅವು ಇವತ್ತಿಗೂ ಇವೆ, ದನಗಳು ಹೊರಗೆ ಹುಣಸೆ ಮರದಡಿ ಇವೆ. ನೀನ್ಯಾಕೆ ಕೆಲಸ ಬಿಡಲಿಲ್ಲ ಎಂದು ಕೇಳಿದವರಿದ್ದಾರೆ. ಬಿಟ್ಟರೆ ನನ್ನ ಪಾಳಿಯಲ್ಲೂ ಮೆಟಾ ಉಳಿಸುತ್ತಾರೆ, ಅದಕ್ಕೇ ಬಿಡಲಿಲ್ಲ. ಈಗ ಲಾರಿ ಬಂದ ದಿನ ಗೇಟಿನ ಹತ್ತಿರ ಹೋಗಿ ನಿಲ್ಲುತ್ತೇನೆ. ಅದು ಎಡಕ್ಕೆ ತಿರುಗುತ್ತದೋ ಬಲಕ್ಕೋ ನೋಡುತ್ತೇನೆ. ಅಲ್ಲಿಂದಾಚೆ ಅದೆಲ್ಲಿಗೆ ಹೋಗುತ್ತದೋ ನನಗೆ ಕಾಣುವುದಿಲ್ಲ.

ಬಾವಿಯ ಮಾತಾಯಿತು. ಕಾಯಿಯ ಮಾತು ಬೇರೆಯೇ. ಮರ ಬೇರಿನಿಂದ ಹೀರಿದ್ದು ಕಾಯಿಗೆ ಬರುತ್ತದೆಯೇ ಎಂದು ಮಾವ ಕೇಳಿದ. ಗೊತ್ತಿಲ್ಲ ಎಂದೆ. ಬಹಳಷ್ಟು ಬೇರಿನಲ್ಲೇ ಉಳಿಯಬಹುದು, ಕಾಯಿಗೆ ಬರದೆಯೂ ಇರಬಹುದು, ಆದರೆ ಇಲ್ಲವೇ ಇಲ್ಲ ಎಂದು ಆಣೆಯಿಟ್ಟು ಹೇಳುವಷ್ಟು ನನಗೆ ತಿಳಿಯದು. ನನ್ನ ಕೊಳವೆಯ ಪರೀಕ್ಷೆ ನೀರಿಗೆ ಮಾತ್ರ. “ಗೊತ್ತಾಗೋ ತನಕ ಕಾಯಿ ಮಾರಬೇಡ ಮಾವ” ಎಂದೆ.

“ಮಾರ್ದೆ ಏನ್ ತಿನ್ನಾನ ಮಗಾ?” ಎಂದ. “ನೀನೇ ಗೊತ್ತಿಲ್ಲ ಅಂತೀಯ. ಇಲ್ಲಾಂತ ಇಟ್ಕೊಳಾನ ಬುಡು.”

ಹೆಬ್ಬೂರಿನ ವ್ಯಾಪಾರಿ ಎಂದಿನಂತೆ ಟೆಂಪೊ ತಂದು ಕಾಯಿ ಎತ್ತಿಕೊಂಡು ಹೋದ. ಸುತ್ತಲಿನ ತೋಟಗಳ ಕಾಯಿಯನ್ನೆಲ್ಲ ಎತ್ತುವವನು ಅವನೇ. ಹೆಚ್ಚಿನದನ್ನು ಹೊರಗೆ ಕಳಿಸುತ್ತಾನೆ, ಉಳಿದದ್ದನ್ನು ಬಸ್ ಸ್ಟ್ಯಾಂಡ್ ಎದುರಿನ ತನ್ನ ಅಂಗಡಿಯಲ್ಲೇ ಸುಲಿದು ಮಾರುತ್ತಾನೆ. ಮಾವ ಅವನಿಗೆ ಏನೂ ಹೇಳಲಿಲ್ಲ. ನೀರಿನ ವಿಷಯದಲ್ಲಿ ಮನೆ ಮನೆಗೆ ಹೋಗಿ ಹೇಳಿದವನು ಕಾಯಿಯ ವಿಷಯದಲ್ಲಿ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ಏನೆಂದು ಹೇಳುವುದು? ಆದರೆ ಮನೆಯ ಸಾರಿಗೆ ಅತ್ತೆ ಕಾಯಿ ಹಾಕುವುದನ್ನು ನಿಲ್ಲಿಸಿದ್ದಳು. ಕೇಳಿದರೆ, ನಿಮ್ಮಾವಂಗೆ ಕೆಮ್ಮು ಎಂದಳು.

ಈ ವರ್ಷ ನಾನು ಬಸುರಿಯಾದೆ. ಬಳೆ ತೊಡಿಸಿ ಮಡಿಲು ತುಂಬಲು ತವರಿನವರು ಕರೆಸಿಕೊಳ್ಳಬೇಕು. ಗಂಡನ ತಾಯಿ ಗುಬ್ಬಿಯಿಂದ ಫೋನು ಮಾಡಿ, ಬೇಜಾರಾಗದ ಹಾಗೆ, “ಕಾಯಿ ನಮ್ಮ ತೋಟದ್ದೇ ಕಳಿಸ್ಕೊಡ್ತೀವಿ ಬುಡಿ ಅಣ್ಣ” ಎಂದರಂತೆ. ಮಾವನಿಗೆ ರೇಗಿತಂತೆ. “ಗಂಡನ ಮನೆ ಕಾಯಾಗೆ ತವರು ಮನೆಯೋರು ಮಡ್ಲು ತುಂಬೋದಾ? ಎಲ್ಲಾರಾ ಉಂಟಾ? ನಮ್ಮುಡ್ಗಿ ಮಡ್ಲಿಗೆ ನಾನು ತರ್ತೀನಿ” ಎಂದನಂತೆ. ಅತ್ತೆ ಹೇಳಿದಳು. ಅವನು ಅಮ್ಮನ ಮರದ ಕಾಯಿ ಇಡುತ್ತಾನೋ ಎಂದು ನಾನು ದಾರಿಯುದ್ದಕ್ಕೂ ಹೆದರುತ್ತಲೇ ಹೋದೆ. ಇಟ್ಟರೆ ಬೇಡ ಎನ್ನುವುದು ಹೇಗೆ? ಬೇಡ ಎನ್ನದಿರುವುದು ಹೇಗೆ?

ಹಸಿರು ಬಳೆ ತೊಟ್ಟು ಮಣೆಯ ಮೇಲೆ ಕೂತೆ. ಅತ್ತೆ ಸೆರಗು ಹಿಡಿಸಿ ಅಕ್ಕಿ ಹಾಕಿದಳು, ಬೆಲ್ಲ ಇಟ್ಟಳು, ಎಲೆ ಅಡಿಕೆ, ಅರಿಶಿನದ ಕೊಂಬು ಇಟ್ಟಳು. ಮೇಲೆ ಕಾಯಿ. ಬೋಳಾಗಿ ಹೆರೆದ, ಜುಟ್ಟು ಗಿಡ್ಡ ಮಾಡಿದ ನುಣ್ಣನೆಯ ಕಾಯಿ. ಮಾವನ ಕೈ ಹಾಗೆ ಸುಲಿಯುವುದಿಲ್ಲ. ತಲೆಯೆತ್ತಿ ನೋಡಿದೆ. ಅವನು ಬಾಗಿಲ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದ.

“ಅಂಗ್ಡೀದು ಕಣವ್ವ” ಎಂದ. “ಕೊಂಡ್ಕೊಂಡು ಬಂದೆ. ನಮ್ದು ಬ್ಯಾಡ. ನೀನೊಬ್ಳೇ ಅಲ್ಲ ಈಗ.”

ಅವನ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಕೇಳಿದ್ದೇ ಇಲ್ಲ. ಅಳು ತಡೆಯಲಾಗಲಿಲ್ಲ. ಶುಭ ಹೊತ್ತಿನಲ್ಲಿ ಅಳಬಾರದು ಎಂದು ಅತ್ತೆ ಗದರಿದಳು. ಕಣ್ಣೊರೆಸಿಕೊಂಡು, ಏನಾದರೂ ಮಾತಾಡಬೇಕೆಂದು ಮಾತಾಡಿದೆ.

“ಎಲ್ಲಿ ತಗೊಂಡೆ ಮಾವ?”

“ಇಲ್ಲೇ ಹೆಬ್ಬೂರಾಗೆ. ಬಸ್ ಸ್ಟ್ಯಾಂಡ್ ಎದ್ರುಗಿಲ್ವಾ, ನಮ್ ಕಾಯಿ ಎತ್ತೋನ...” ಎಂದವನು ಅಲ್ಲಿಗೇ ನಿಲ್ಲಿಸಿದ.

ಮಾವ ನನ್ನ ಮುಖ ನೋಡಿದ. ಆಮೇಲೆ ನನ್ನ ಮಡಿಲು ನೋಡಿದ. ಅತ್ತೆಗೆ ಏನೂ ಹೊಳೆದಿರಲಿಲ್ಲ. ಹಣೆಗೆ ಕುಂಕುಮ ಇಟ್ಟು, ತಲೆಯ ಮೇಲೆ ಅಕ್ಷತೆ ಹಾಕಿ, “ಎದ್ದೇಳವ್ವ, ಕಾಯಿ ಬೀಳ್ದಂಗೆ ಭದ್ರವಾಗಿ ಹಿಡ್ಕೊ” ಎಂದಳು.

ಹಿಡಿದುಕೊಂಡೆ.